ಶುಕ್ರವಾರದ ಐದು ನಿಮಿಷ

ಎಂಜಿನ್ನಿನ ಒಂದು ನಟ್ಟನ್ನೂ ಬಿಚ್ಚದೆ, ಇದನ್ನು ಇಂಥ ಅಂಗಡಿಗೆ ಕೊಟ್ಟರೆ ಇಷ್ಟು ಗಂಟೆ ಬದುಕುತ್ತದೆ, ಅಂಥ ಅಂಗಡಿಗೆ ಕೊಟ್ಟರೆ ಅಷ್ಟು ಗಂಟೆ ಎಂದು ಮೊದಲೇ ಹೇಳಿಬಿಡುವ ಯಂತ್ರವೊಂದು ಬಂದರೆ ಎಷ್ಟು ಚೆನ್ನ, ಅಲ್ಲವೇ? ಸುಣ್ಣಗುಂಡಿಯ ಶಂಕರಲಿಂಗನಿಗೂ ಹಾಗೇ ಅನ್ನಿಸಿತ್ತು. ಪಾಪ, ಮುಂದೆ ಬರುವುದನ್ನು ಮೊದಲೇ ತಿಳಿಯುವ ಆಸೆ ಯಾರಿಗಿಲ್ಲ?

ಇದು ನಮ್ಮ ಮೊಮ್ಮಕ್ಕಳು ಮುದುಕರಾಗುವ ಹೊತ್ತಿನ ಮಾತು. ಆಗ ಕಲಬುರ್ಗಿ, ಯಾದಗಿರಿ ಕಡೆ ಬಿಸಿಲು ಐವತ್ತು ಡಿಗ್ರಿ ದಾಟುವುದು ಪೇಪರಿನಲ್ಲಿ ಸುದ್ದಿಯೂ ಆಗುತ್ತಿರಲಿಲ್ಲ. ಬಿಸಿಲು ಹೊಡೆದು ಬಿದ್ದವರನ್ನು ಒಂದು ಗಂಟೆಯೊಳಗೆ ಕಲಬುರ್ಗಿಯ ತಂಪು ಆಸ್ಪತ್ರೆಗೆ ಮುಟ್ಟಿಸಿದರೆ, ಅಲ್ಲಿ ಮೈಯ ರಕ್ತವನ್ನೇ ಹೊರಗೆ ತೆಗೆದು, ತಣಿಸಿ, ಮತ್ತೆ ಒಳಗೆ ಬಿಟ್ಟು ಉಳಿಸುತ್ತಿದ್ದರು. ಗಂಟೆ ಮೀರಿದರೆ ಆಸೆ ಬಿಡಬೇಕು. ಸುಣ್ಣಗುಂಡಿಯಿಂದ ರಸ್ತೆಯ ಮೇಲೆ ಮೂರು ಗಂಟೆಯ ದಾರಿ. ಮಧ್ಯಾಹ್ನ ಡಾಂಬರು ಕರಗಿ ಗಾಲಿಗೆ ಮೆತ್ತುತ್ತಿದ್ದುದರಿಂದ ಆಂಬ್ಯುಲೆನ್ಸು ಓಡುತ್ತಿರಲಿಲ್ಲ, ತೆವಳುತ್ತಿತ್ತು. ಬ್ಯಾಟರಿ ವಿಮಾನಗಳು ಬೇಕಾದಷ್ಟಿದ್ದವು. ಆದರೆ ನಲವತ್ತಾರು ಡಿಗ್ರಿ ದಾಟಿತೆಂದರೆ, ಬೆಂಕಿ ಹತ್ತೀತೆಂದು ಅವು ತಮ್ಮಷ್ಟಕ್ಕೇ ಬಂದ್ ಆಗುತ್ತಿದ್ದವು. ಬಿಸಿಲಿಲ್ಲದಾಗ ಹಾರಿ ಬಿಸಿಲು ಬಂದಾಗ ಮಲಗುವ ವಿಮಾನ ಯಾವ ಸುಡುಗಾಡಿಗೆ ಬೇಕು ಹೇಳಿ.

ಊರಾಚೆಯ ತಗಡಿನ ಷೆಡ್ಡಿನಲ್ಲಿ ಮಾತ್ರ ಒಂದು ಹಳೇ ಪೆಟ್ರೋಲ್ ವಿಮಾನವಿತ್ತು. ನಾಲ್ಕು ಸೀಟು, ಒಂದೇ ಎಂಜಿನ್ನು. ಮುಂಚೆ ವಿಮಾನ ಕ್ಲಬ್ಬಿನದು. ಪೆಟ್ರೋಲ್ ವಿಮಾನ ಹಾರಿಸಕೂಡದೆಂದು ಕಾನೂನು ಬಂದಾಗ ಕ್ಲಬ್ಬು ಮುಚ್ಚಿತು. ಅದನ್ನು ಹಾರಿಸುತ್ತಿದ್ದ ಕ್ಯಾಪ್ಟನ್ ಅಷ್ಟಗಿಯವರು ಷೆಡ್ಡಿನ ಕೀಲಿಯನ್ನು ಊರಿನ ಪಂಪ್‌ಸೆಟ್ ಮೆಕ್ಯಾನಿಕ್ ಶಂಕರಲಿಂಗನ ಕೈಗಿಟ್ಟು ಕಲಬುರ್ಗಿಗೆ ಹೋದರು. ಅದಾಗಿ ಆರು ವರ್ಷ.

ಸಾಕಷ್ಟು ಜನ ಸತ್ತ ಮೇಲೆ ಸರ್ಕಾರಕ್ಕೆ ಬುದ್ಧಿ ಬಂತು. ಬಿಸಿಲ ಸೀಮೆಯಲ್ಲಿ ರೋಗಿಗಳಿಗಾಗಿ ಹಳೇ ವಿಮಾನ ಹಾರಿಸಬಹುದು ಎಂದಿತು. ಒಂದು ಷರತ್ತು. ಒಪ್ಪಿಗೆ ಪಡೆದ ಮೂರು ಅಂಗಡಿಗಳಲ್ಲಿ ಒಂದನ್ನು ಆರಿಸಿ, ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಬೇಕು. ಹಾಗೆ ಕಟ್ಟಿದರೆ ಅದು ಆರುನೂರು ಗಂಟೆ ಬಾಳುತ್ತದೆಂದು ಮುಂಗಾಣಿ ಹೇಳಬೇಕು. ಮುಂಗಾಣಿ ಅಂದರೆ ನಾನು ಮೊದಲು ಹೇಳಿದೆನಲ್ಲ, ಆ ಯಂತ್ರ. ಆರುನೂರು ಮುಟ್ಟದ ಎಂಜಿನ್ನು ನೇರ ಕಬ್ಬಿಣ ಕರಗಿಸುವ ಭಟ್ಟಿಗೆ.

ಶಂಕರಲಿಂಗ ಮುಂಗಾಣಿಯನ್ನು ಕಾಯುತ್ತ ಕೂತವನಲ್ಲ. ಕೈಚೀಲ ಹೆಗಲಿಗೇರಿಸಿ ಮೂರೂ ಅಂಗಡಿ ನೋಡಿ ಬಂದ. ನೋಡುವ ಅವನ ರೀತಿಯೇ ಬೇರೆ. 'ಅಂಗಡಿ ನೋಡಬೇಕಂದ್ರ ಗಾದಿ ನೋಡಬ್ಯಾಡ, ಕಸದ ಬುಟ್ಟಿ ನೋಡು' ಎಂಬುದು ಅವನ ಗುರುವಿನ ಮಾತು. ನಾಗಪುರದ ಅಂಗಡಿಯಲ್ಲಿ ತಣ್ಣನೆಯ ಕೋಣೆ, ಗೋಡೆ ತುಂಬ ವಿಮಾನದ ಫೋಟೊ, ಕುಡಿಯಲು ಶರಬತ್ತು. ಹಿಂದೆ ಹೋಗಿ ನೋಡಿದರೆ ಕಸದ ಬುಟ್ಟಿ ಖಾಲಿ. ಬಿಚ್ಚಿದ ಎಂಜಿನ್ನಿನಿಂದ ಒಂದು ಹಳೇ ವಾಷರ್ ಕೂಡ ಹೊರಬಿದ್ದಿಲ್ಲವೆಂದರೆ ಅದೆಲ್ಲ ಎಲ್ಲಿಗೆ ಹೋಯಿತು? ಮತ್ತೆ ಒಳಗೇ. ಹೊಸೂರಿನಲ್ಲಿ ಬುಟ್ಟಿ ತುಂಬಿತ್ತು ನಿಜ, ಆದರೆ ಒಂದೇ ತಟ್ಟೆಯಲ್ಲಿ ಮೂರು ಎಂಜಿನ್ನಿನ ಪಿಸ್ಟನ್ನುಗಳು ಕಲೆತು ಕೂತಿದ್ದವು. ಒಂದೇ ಮನೆಯಲ್ಲಿ ಸವೆದವು ಒಟ್ಟಿಗೇ ಇರಬೇಕು ಎಂಬ ಕನಿಷ್ಠ ಮರ್ಯಾದೆ ಇಲ್ಲ.

ಮಿರಜಿನಲ್ಲಿ ಬೋರ್ಡೂ ಇರಲಿಲ್ಲ. ದೇಶಿಂಗಕರ ಮಾಸ್ತರ ಎಂಬ ಎಪ್ಪತ್ತು ದಾಟಿದ ಮುದುಕ, ಅವನ ಇಬ್ಬರು ಹೆಣ್ಣುಮಕ್ಕಳು. ಒಂದೊಂದು ಎಂಜಿನ್ನಿಗೆ ಒಂದೊಂದು ಕಪಾಟು; ಪ್ರತಿ ಭಾಗವನ್ನೂ ತಂತಿಯಲ್ಲಿ ಪೋಣಿಸಿ ಚೀಟಿ ಕಟ್ಟಿದ್ದರು. ಶಂಕರಲಿಂಗ ಹೋದಾಗ ಮಾಸ್ತರ ಏನನ್ನೋ ಅಳೆಯುತ್ತಿದ್ದ. ಅಳೆದು, ಬರೆದು, ಮತ್ತೆ ಅಳೆದು, ಆಮೇಲೆ ತಲೆಯೆತ್ತಿ ಮರಾಠಿಯಲ್ಲಿ 'ಬಸಾ', ಕೂತುಕೊಳ್ಳಿ, ಅಂದ. ಅಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಶಂಕರಲಿಂಗನಿಗೆ ಅಲ್ಲೇ ಮನಸ್ಸು ಕೂತುಬಿಟ್ಟಿತು.

ಇಷ್ಟೆಲ್ಲ ಒದ್ದಾಟ ಯಾಕೆಂದರೆ ಮಗಳಿಗಾಗಿ. ಮಹಾನಂದಾ ಕರೆಂಟಿನ ಇಲಾಖೆಯಲ್ಲಿ ಲೈನ್ ಕೆಲಸದವಳು, ಕಂಬ ಹತ್ತುವವಳು. ವಯಸ್ಸು ಇಪ್ಪತ್ತೇಳು. ಹೋದ ವರ್ಷ ಕಂಬದ ಮೇಲೆಯೇ ಬಿಸಿಲು ಹೊಡೆದು, ಕೆಳಗಿದ್ದವರು ಹಗ್ಗದಲ್ಲಿ ಇಳಿಸಿದ್ದರು. ಸಂಜೆಯಾಗಿ ಬಿಸಿಲು ಇಳಿದಿತ್ತು, ಬ್ಯಾಟರಿ ವಿಮಾನ ಬಂತು, ಉಳಿದಳು. 'ಇನ್ನೊಂದು ಸಲ ಹೊಡೀತಂದ್ರ ತಾಸಿನೊಳಗ ಇಲ್ಲಿ ತಂದ್ರಷ್ಟೇ' ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಇಲಾಖೆಯವರೂ ಒಳ್ಳೆಯವರೇ, ಬೆಳಗಾವಿಯ ಆಫೀಸಿಗೆ ವರ್ಗ ಕೊಡುತ್ತೇವೆ, ಹೋಳಿ ಹುಣ್ಣಿಮೆಯೊಳಗೆ ಬೇಕೋ ಬೇಡವೋ ತಿಳಿಸಿ ಎಂದು ಕಾಗದ ಬರೆದಿದ್ದರು.

'ಯಪ್ಪಾ, ನಾ ಹೋದ್ರ ಈ ಊರಾಗ ಕಂಬ ಹತ್ತಾವ್ರ್ಯಾರು? ಫ್ಯಾನ್ ನಿಂತ್ರ ಮನಿಯೊಳಗೇ ಮಂದಿ ಸಾಯ್ತದ' ಅಂದಿದ್ದಳು ನಂದಾ. 'ನಿನ್ನ ವಿಮಾನ ಹಾರತದಂದ್ರ ಇರ್ತೀನಿ. ಹಾರೂದಿಲ್ಲಂದ್ರ ಬೆಳಗಾವಿಗಿ ಹೋಗಿ ಕುರ್ಚಿ ಬಿಸಿ ಮಾಡಕೋತ ಕುಂಡ್ರತೀನಿ. ನೀ ಹ್ಯಾಂಗ ಹೇಳತಿ ಹಂಗ.'

'ಹಾರತದ ಬಿಡವ್ವಾ. ಅದಕ್ಕೇನ್ ಧಾಡಿ! ನಿಮ್ಮವ್ವನ ಶುಕ್ರವಾರ ಸುಮ್ನ ಹೋಗತಾವೇನು?'

ಈ ಶುಕ್ರವಾರದ ವಿಷಯ ಹೇಳಲೇಬೇಕು. ಶಂಕರಲಿಂಗನ ಹೆಂಡತಿ ಕಸ್ತೂರಿಬಾಯಿ ಮೂರು ವರ್ಷದ ಹಿಂದೆ ವೈಶಾಖದಲ್ಲಿ ಊರಬಾಗಿಲ ಅಗಸಿಯ ಮುಂದೆ ಬಿಸಿಲಿಗೆ ಬಿದ್ದಳು. ಆಂಬ್ಯುಲೆನ್ಸು ಅರ್ಧ ದಾರಿಯಲ್ಲಿದ್ದಾಗ ಜೀವ ಹೋಯಿತು. ಮಣ್ಣು ಮಾಡಿ ಬಂದ ಶಂಕರಲಿಂಗ ಮನೆಗೆ ಹೋಗಲಿಲ್ಲ, ಷೆಡ್ಡಿಗೆ ಹೋದ. ನಲವತ್ತು ನಿಮಿಷದಲ್ಲಿ ಕಲಬುರ್ಗಿ ಮುಟ್ಟಿಸುವ ವಿಮಾನ ಅಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಇನ್ನು ಮೇಲೆ ಇದನ್ನು ಮಲಗಲು ಬಿಡುವುದಿಲ್ಲ, ಯಾವತ್ತು ಕರೆದರೂ ಏಳುವ ಹಾಗೆ ಇಡುತ್ತೇನೆ ಎಂದು ಅವತ್ತೇ ಹೆಂಡತಿಯ ಹೆಸರಿನಲ್ಲಿ ಆಣೆ ಮಾಡಿದ. ಹಾರಿಸುವುದಕ್ಕೆ ಕಾನೂನು ಅಡ್ಡ, ಚಾಲೂ ಮಾಡುವುದಕ್ಕಲ್ಲವಲ್ಲ. ಅಂದಿನಿಂದ ಪ್ರತಿ ಶುಕ್ರವಾರ ಬೆಳಗ್ಗೆ ಎಂಜಿನ್ನಿಗೆ ವಿಭೂತಿ, ಮಗಳ ಕೈಯಿಂದ ಕುಂಕುಮ, ಒಂದು ಕಾಯಿ, ಆಮೇಲೆ ಐದು ನಿಮಿಷ ಚಾಲೂ. ಮೊದಲು ಮೂರು ಸಲ ಕೆಮ್ಮಿ ಆಮೇಲೆ ಗೊರ್ರೆಂದು ಹಿಡಿಯುವ ಆ ಶಬ್ದ ಕೇಳಲು ಊರಿನ ಮಂದಿ ಬರತೊಡಗಿದರು. ಮುದುಕಿಯರು ಕಾಯಿ ತಂದರು, ಬಸುರಿಯರು ಕೈಮುಗಿದರು. ಒಂದು ದಿನ ಇದು ಹಾರುತ್ತದೆ, ನಮ್ಮವರು ಉಳಿಯುತ್ತಾರೆ ಎಂದು ಊರೆಲ್ಲ ನಂಬಿತ್ತು. ಮೂರು ವರ್ಷದಲ್ಲಿ ಒಂದು ಶುಕ್ರವಾರವೂ ತಪ್ಪಿರಲಿಲ್ಲ.

ಮಾಘದ ಕೊನೆಗೆ ಯಾದಗಿರಿಯ ಜಿಲ್ಲಾ ಕಚೇರಿಯಿಂದ ಕರೆ ಬಂತು. ಮುಂಗಾಣಿ ನಡೆಸುವ ಎಂಜಿನಿಯರು ಶಾಹೀನ್ ಎಂಬ ಹೆಣ್ಣುಮಗಳು. ಹಿಂದಿನ ವಾರವೇ ಷೆಡ್ಡಿಗೆ ಬಂದು ಎಂಜಿನ್ನಿನ ಮೈಮೇಲೆ ಹನ್ನೆರಡು ಕಡೆ ಸಣ್ಣ ಕಿವಿಗಳನ್ನು ಅಂಟಿಸಿ, ಅದರ ಸದ್ದು ಕೇಳಿ, ಸೀಸೆಯಲ್ಲಿ ಒಂದಿಷ್ಟು ಎಣ್ಣೆ ಹಿಡಿದುಕೊಂಡು ಹೋಗಿದ್ದಳು. ಅವಳ ಕೋಣೆ ಎಷ್ಟು ತಣ್ಣಗಿತ್ತೆಂದರೆ ಶಂಕರಲಿಂಗ ಹೆಗಲ ಮೇಲಿನ ಟವೆಲ್ಲನ್ನು ಕೊರಳಿಗೆ ಸುತ್ತಿಕೊಂಡ.

'ಬರ್ರಿ ಕಾಕಾ, ಕೂಡ್ರಿ' ಅಂದಳು ಶಾಹೀನ್. ಎದುರಿನ ದೊಡ್ಡ ಪರದೆಯ ಮೇಲೆ ಅವನ ಎಂಜಿನ್ನೇ ಹಸಿರು ಗೆರೆಗಳಲ್ಲಿ ನಿಂತಿತ್ತು. 'ಇದು ನಿಮ್ಮ ಎಂಜಿನ್ನಿನ ಪಡಿಯಚ್ಚು. ಸದ್ದು, ಎಣ್ಣಿ ಎರಡೂ ನೋಡಿ ಒಳಗ ಏನೇನು ಎಷ್ಟೆಷ್ಟು ಸವದದ ಅಂತ ಮುಂಗಾಣಿ ಲೆಕ್ಕ ಹಾಕ್ಯದ. ಮೂರೂ ಅಂಗಡಿಯವ್ರ ಹತ್ತು ವರ್ಷದ ಕೆಲಸ ಇದಕ್ಕ ಗೊತ್ತದ. ಯಾರು ಏನ್ ಬದಲಾಸ್ತಾರ, ಯಾರು ಹಳೇದೇ ತುರುಕ್ತಾರ, ಎಲ್ಲ. ಈಗ ಒಬ್ಬೊಬ್ಬರ ಕೈಲಿ ಇದನ್ನ ಕಟ್ಟಿಸಿ ಓಡಸ್ತೀನಿ. ಎರಡು ಸಾವಿರ ತಾಸು ಇಪ್ಪತ್ತೇ ಮಿನಿಟಿನಾಗ ಓಡತದ.'

'ಮಿರಜಂದು ಕಡೀಕ ಇಡ್ರಿ ಬಾಯೀರ' ಅಂದ ಶಂಕರಲಿಂಗ. ಹಬ್ಬದ ಊಟದಲ್ಲಿ ಹೋಳಿಗೆಯನ್ನು ಕೊನೆಗೆ ಉಳಿಸಿಕೊಳ್ಳುವವನ ಹಾಗೆ.

ನಾಗಪುರದ್ದು ಓಡಿತು. ಹಸಿರು ಎಂಜಿನ್ನು ಗಿರಗಿರ ತಿರುಗಿತು, ಒಂದು ನಿಮಿಷವೂ ಆಗಿರಲಿಲ್ಲ, ಕೆಂಪಾಗಿ ನಿಂತಿತು. ನಲವತ್ತೊಂದು ಗಂಟೆ. 'ನಾ ಹೇಳಿದ್ದಿಲ್ಲೇನ್ರಿ, ಖಾಲಿ ಬುಟ್ಟಿ!' ಎಂದು ಶಂಕರಲಿಂಗ ತೊಡೆ ತಟ್ಟಿಕೊಂಡ. ಹೊಸೂರು ಓಡಿತು. ನಲವತ್ತೆರಡು. 'ಪಿಸ್ಟನ್ ಕಲಸಿದ ಮಕ್ಕಳು' ಅಂದ. ಆದರೆ ಈ ಸಲ ದನಿಯಲ್ಲಿ ಅಷ್ಟು ಜೋರಿರಲಿಲ್ಲ.

ಮಿರಜು ಓಡಿತು. ನಲವತ್ತನಾಲ್ಕು ಗಂಟೆಗೆ ಕೆಂಪಾಯಿತು.

ಶಾಹೀನ್ ಮತ್ತೊಮ್ಮೆ ಓಡಿಸಿದಳು. ನಲವತ್ತನಾಲ್ಕು. ಮೂರು ಸಲವೂ ಕೆಂಪಗೆ ಮಿನುಗಿದ್ದು ಒಂದೇ ಜಾಗ, ಎಂಜಿನ್ನಿನ ಹೊಟ್ಟೆಯೊಳಗಿನ ಕ್ಯಾಮ್ ಶಾಫ್ಟು. ಗಾಳಿ-ಪೆಟ್ರೋಲಿನ ಬಾಯಿಗಳನ್ನು ತೆರೆದು ಮುಚ್ಚುವ ಉಬ್ಬುತಗ್ಗಿನ ಉಕ್ಕಿನ ಕೋಲು ಅದು. ಅದರ ಉಬ್ಬುಗಳು ಸವೆದು ನುಣ್ಣಗಾಗಿ, ಬಾಯಿ ತೆರೆಯುವುದೇ ನಿಂತು, ಎಂಜಿನ್ನು ಉಸಿರುಕಟ್ಟಿ ಸಾಯುತ್ತಿತ್ತು.

'ಅಂಗಡಿಯವರ ತಪ್ಪಲ್ಲ ಕಾಕಾ' ಅಂದಳು ಶಾಹೀನ್ ಮೆಲ್ಲಗೆ. 'ನೀವು ಆರಿಸಿದ್ದ ಅಂಗಡೀನೇ ಎಲ್ಲಕ್ಕೂ ಚಲೋ. ಆದ್ರ ಈ ಶಾಫ್ಟಿಗಿ ಜಂಗು, ಅಂದ್ರ ತುಕ್ಕು, ಹತ್ತಿ ಒಳತನಕ ತಿಂದುಬಿಟ್ಟದ. ಮ್ಯಾಲಿಂದ ಉಜ್ಜಿದ್ರ ಹೋಗೂ ಅಂಥಾದ್ದಲ್ಲ. ಹೊಸಾದು ಹಾಕಬೇಕಂದ್ರ ಇಂಥವು ಮಾಡೂದು ನಿಂತು ಮೂವತ್ತು ವರ್ಷಾತು.' ಎಣ್ಣೆಯ ಸೀಸೆ ಎತ್ತಿ ನೋಡುತ್ತ ಕೇಳಿದಳು. 'ನಮ್ಮ ಹವಾ ಒಣ ಹವಾ. ನಿಂತಲ್ಲೇ ನಿಂತ ಎಂಜಿನ್ನಿಗಿ ಇಷ್ಟು ಜಂಗು ಹತ್ತಬಾರದು. ಇದನ್ನ ಹ್ಯಾಂಗ ಇಟ್ಟಿದ್ರಿ?'

ಶಂಕರಲಿಂಗನ ಮುಖ ಅರಳಿತು. 'ಅಯ್ಯ, ನಿಂತಲ್ಲೇ ಎಲ್ಲಿ ಬಿಟ್ಟೀನ್ರಿ! ಮೂರು ವರ್ಷಾತು, ಪ್ರತಿ ಶುಕ್ರವಾರ ಪೂಜಿ ಮಾಡಿ ಐದು ಮಿನಿಟು ಚಾಲೂ ಮಾಡೇ ಮಾಡೀನಿ. ಒಂದು ವಾರ ತಪ್ಪಿಸಿಲ್ಲ. ಮಳಿ ಬರಲಿ, ಜ್ವರ ಬರಲಿ.'

ಶಾಹೀನ್ ಪರದೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿ ಕೂತಳು. ಅವನು ಕೊರಳಿನ ಟವೆಲ್ಲನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

'ಹೇಳ್ರಿ' ಅಂದ.

'ಪೆಟ್ರೋಲ್ ಸುಟ್ಟಾಗ ಹೊಗಿ ಜೋಡಿ ನೀರಿನ ಆವಿನೂ ಆಗತದ ಕಾಕಾ. ತಾಸುಗಟ್ಟಲೆ ಹಾರಿದ್ರ ಎಣ್ಣಿ ಕಾದು ಆ ನೀರೆಲ್ಲ ಹಾರಿಹೋಗತದ. ಐದು ಮಿನಿಟಿನಾಗ ಎಣ್ಣಿ ಕಾಯೂದಿಲ್ಲ. ನೀರು ಒಳಗೇ ಉಳೀತದ. ವಾರಪೂರ್ತಿ ಶಾಫ್ಟಿನ ಮ್ಯಾಲೆ ಕುಂತು ತಿಂತದ. ಮುಂದಿನ ಶುಕ್ರವಾರ ಮತ್ತ ಒಂದಿಷ್ಟು. ಜಂಗಿಗಿ ವಾರ ವಾರ ನೀವೇ ನೀರು ಕುಡಿಸಿದಂಗ ಆತು.'

ಅವನಿಗೆ ಆಗ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳೇ, ಅವನು ಮರೆತದ್ದಾದರೂ ಯಾವಾಗ? ಕೀಲಿ ಕೊಡುವಾಗ ಕ್ಯಾಪ್ಟನ್ ಅಷ್ಟಗಿಯವರು ಎಂಜಿನ್ನಿನ ತೂತುಗಳಿಗೆಲ್ಲ ಬಿರಡೆ ಹಾಕಿ, ಕೆಂಪು ಪಟ್ಟಿಯೊಂದನ್ನು ವಿಮಾನದ ಮೂಗಿನ ಫಂಕಕ್ಕೆ ಕಟ್ಟಿ ಹೇಳಿದ್ದರು: 'ಶಂಕರಲಿಂಗ, ಇದಕ್ಕ ಬ್ಯಾರೆ ಎಣ್ಣಿ ಕುಡಿಸಿ ಮಲಗಿಸೀನಿ. ಹತ್ತು ವರ್ಷ ಬೇಕಾದ್ರೂ ಮಲಗತದ. ಯಾರೂ ಎಬ್ಬಿಸಬ್ಯಾಡ್ರಿ, ಫಂಕಾನೂ ತಿರುವಬ್ಯಾಡ್ರಿ.' ತಿಂಗಳುಗಟ್ಟಲೆ ನಿಂತ ಪಂಪ್‌ಸೆಟ್ಟು ಜಾಮ್ ಆಗುವುದನ್ನು ನೂರು ಸಲ ಕಂಡ ಮನುಷ್ಯ ಶಂಕರಲಿಂಗ. ಎಂಜಿನ್ನನ್ನು ಮಲಗಿಸುತ್ತಾರಂತೆ, ನಾನು ಪೆಟ್ರೋಲು ಕದ್ದೇನೆಂಬ ಹೆದರಿಕೆ ಈ ದೊಡ್ಡ ಮನುಷ್ಯನಿಗೆ, ಎಂದು ಒಳಗೇ ನಕ್ಕಿದ್ದ. ಕಸ್ತೂರಿ ಸತ್ತ ದಿನ ಆ ಕೆಂಪು ಪಟ್ಟಿ ಹರಿದು, ಬಿರಡೆ ಕಿತ್ತು, ಕ್ಯಾಪ್ಟನ್ನರ ಎಣ್ಣೆಯನ್ನೆಲ್ಲ ನೆಲಕ್ಕೆ ಸುರಿದಿದ್ದ.

'ಬಾಯೀರ' ಅಂದ, ಬೆರಳು ಎಣಿಸುತ್ತ. 'ನಲವತ್ತನಾಲ್ಕು ತಾಸು ಅಂದ್ರ... ಹೋಗಿಬರಾಕ ಒಂದು ತಾಸು ಇಪ್ಪತ್ತು ಮಿನಿಟು. ಮೂವತ್ತಮೂರು ಸಲ ಆತಲ್ರಿ. ಮೂವತ್ತಮೂರು ಜೀವ. ಅಷ್ಟೇ ಹಾರಿಸಿ ಇಳಿಸಿಬಿಡ್ತೀವಿ. ಮೂವತ್ತಮೂರರ ಮ್ಯಾಲೆ ಒಂದೂ ಇಲ್ಲ. ಬರಕೊಡ್ತೀನಿ.'

'ಕಾಕಾ, ಲೆಕ್ಕ ಮುಗಿದ ಕೂಡ್ಲೇ ಮುಂಗಾಣಿ ತಾನೇ ಅದನ್ನ ರಾಜಧಾನಿಗಿ ಕಳಿಸಿಬಿಡತದ. ನನ್ನ ಕೈಯಾಗ ಏನೂ ಇಲ್ಲ' ಅಂದ ಶಾಹೀನಳ ಕಣ್ಣಲ್ಲೂ ನೀರಿತ್ತು. 'ಹದಿನೈದು ದಿನದಾಗ ಒಯ್ಯಾಕ ಲಾರಿ ಬರತದ.'

ಊರಿಗೆ ಬಂದಾಗ ಸಂಜೆ ಐದು. ಬಾಗಿಲಲ್ಲೇ ನಂದಾ ನಿಂತಿದ್ದಳು. ಅವ್ವನ ಫೋಟೊಗೆ ಮಾಲೆ ಹಾಕಿದ್ದಳು, ಒಲೆಯ ಮೇಲೆ ಸಿಹಿಗೆಂದು ಮಾದಲಿ ಮಾಡಿಟ್ಟಿದ್ದಳು.

'ಯಾವ ಅಂಗಡಿ ಆರಿಸಿದಿ ಯಪ್ಪಾ?'

'ಮಿರಜು' ಅಂದ.

ಅದು ಸುಳ್ಳಲ್ಲ. ಅವನು ಆರಿಸಿದ್ದು ಮಿರಜನ್ನೇ. ಉಳಿದದ್ದನ್ನು ಹೇಳಲು ಬಾಯಿ ತೆರೆದ. ಮಗಳು ಅಷ್ಟರಲ್ಲಿ ಅವ್ವನ ಫೋಟೊದ ಕಡೆ ತಿರುಗಿ, 'ಕೇಳಿದೇನಬೇ? ನಿನ್ನ ಶುಕ್ರವಾರ ದಂಡಕ್ಕ ಹೋಗಲಿಲ್ಲ' ಅಂದಳು. ಅವನು ಚಪ್ಪಲಿ ಬಿಡುವ ನೆವದಲ್ಲಿ ಬಾಗಿದ. ನಿನ್ನವ್ವನ ಹೆಸರಲ್ಲಿ, ನೀನೇ ಕುಂಕುಮ ಹಚ್ಚಿ, ನಾವಿಬ್ಬರೂ ಸೇರಿ ವಾರ ವಾರ ಇದನ್ನು ಕೊಂದೆವು ಎಂದು ಯಾವ ಬಾಯಲ್ಲಿ ಹೇಳುವುದು? ನಾಳೆ ಹೇಳಿದರಾಯಿತು ಅಂದುಕೊಂಡ. ನಾಚಿಕೆ ಎಂಬುದು ಕೆಟ್ಟದ್ದು ನೋಡಿ. ಒಂದು ದಿನ ಸಾಲ ಕೇಳಿ ವರ್ಷಗಟ್ಟಲೆ ಕೂತುಬಿಡುತ್ತದೆ.

ನಾಳೆ ಆಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು, ವಿಮಾನದ ಎಂಜಿನ್ನು ಮಿರಜಿಗೆ ಹೊರಟಿದೆ ಎಂದು. ಮುದುಕಿಯರು ದಾರಿಯಲ್ಲಿ ತಡೆದು ಅವನ ಕೈ ಹಿಡಿದುಕೊಂಡರು. ಲಾರಿ ಬಂದ ದಿನವಂತೂ ಹಲಗೆ ತಂದು ಬಾರಿಸಿದರು. ಎಂಜಿನ್ನಿನ ಪೆಟ್ಟಿಗೆಗೆ ಚೆಂಡುಹೂವಿನ ಮಾಲೆ ಬಿತ್ತು. ಭಟ್ಟಿಗೆ ಒಯ್ಯಲು ಬಂದ ಲಾರಿಯ ಡ್ರೈವರು ಬೆಪ್ಪಾಗಿ ಕೂತಿದ್ದ. ಅವನ ಕೊರಳಿಗೂ ಒಂದು ಮಾಲೆ ಹಾಕಿ ಬಾಯಿಗೆ ಪೇಢೆ ಇಟ್ಟರು. ಅವನೇನಾದರೂ ಹೇಳಿಬಿಟ್ಟಾನೆಂದು ಶಂಕರಲಿಂಗನೇ ಮುಂದೆ ನಿಂತು 'ಹೊಂಡ್ರಿ, ಹೊಂಡ್ರಿ, ಹೊತ್ತಾತು' ಎಂದು ಅವಸರ ಮಾಡಿದ.

ಹೋಳಿ ಹುಣ್ಣಿಮೆಗೆ ಎರಡು ದಿನ ಇರುವಾಗ ಗಟ್ಟಿ ಮನಸ್ಸು ಮಾಡಿದ. ಊರು ಉಗಿದರೆ ಉಗಿಯಲಿ, ಮಗಳು ಬೆಳಗಾವಿಗೆ ಹೋಗಿ ಬದುಕಿಕೊಳ್ಳಲಿ. ಊಟಕ್ಕೆ ಕೂತಾಗ ಕೇಳಿದ, 'ನಂದಾ, ಆ ಕಾಗದ ಎಲ್ಲದವ್ವಾ?'

'ಯಾವ ಕಾಗದ? ಬೆಳಗಾವಿದಾ? ಅದಕ್ಕ ಅವತ್ತೇ ಬ್ಯಾಡಂತ ಬರದು ಕಳಿಸೀನಲ್ಲ, ನೀ ಮಿರಜ್ ಅಂದ ದಿನಾನೇ. ಆ ಕುರ್ಚಿಗಿ ರಾಯಚೂರಿನ ಯಾರೋ ಹ್ವಾದ್ರಂತ.' ಅವಳು ಇನ್ನೊಂದು ರೊಟ್ಟಿಯನ್ನು ಅಪ್ಪನ ತಾಟಿಗೆ ಹಾಕಿದಳು. 'ಯಾಕ, ಮಾರಿ ಯಾಕ ಹಂಗ ಆತು?'

'ಏನಿಲ್ಲವ್ವಾ, ಖಾರ ಹತ್ತಿತು.'

ಇನ್ನು ಹೇಳಿ ಉಪಯೋಗವೇನು ಎಂದುಕೊಂಡ. ಮಧ್ಯಾಹ್ನದ ಪಾಳಿ ಬಿಡು ಎಂದು ಹೇಳಲಾದರೂ ನಿಜ ಬೇಕಿತ್ತು. ಅದು ಅವನಿಗೆ ಹೊಳೆಯಲಿಲ್ಲವೋ, ಹೊಳೆದರೂ ಧೈರ್ಯ ಬರಲಿಲ್ಲವೋ. ಚೈತ್ರ ಕಳೆಯಿತು. ಎಂಜಿನ್ನು ಯಾವಾಗ ಬರುತ್ತದೆ ಎಂದು ಕೇಳಿದವರಿಗೆಲ್ಲ 'ಮಾಸ್ತರ ಅಳೀಲಿಕ್ಕತ್ಯಾನ, ಅವಸರ ಮಾಡಿದ್ರ ಕೆಡತದ' ಅನ್ನುತ್ತಿದ್ದ; ಮಗಳಿಗೆ 'ಈ ವಾರ ಬರತದ' ಅನ್ನುತ್ತಿದ್ದ. ಶುಕ್ರವಾರ ಬೆಳಗ್ಗೆ ಮನೆಯಲ್ಲಿ ಕೂರಲಾಗದೆ ಹೋಗಿ ಷೆಡ್ಡಿನಲ್ಲಿ ಎಂಜಿನ್ನಿಲ್ಲದ ವಿಮಾನದ ಮುಂದೆ ಕೂರುತ್ತಿದ್ದ.

ವೈಶಾಖದ ಎರಡನೇ ಸೋಮವಾರ ಐವತ್ತೆರಡು ಡಿಗ್ರಿ. ಹನ್ನೆರಡೂವರೆಗೆ ಸರ್ಕಾರಿ ದವಾಖಾನೆಯ ಮುಂದಿನ ಕಂಬದಲ್ಲಿ ತಂತಿ ಹರಿದು, ಬಾಣಂತಿಯರ ವಾರ್ಡಿನ ಫ್ಯಾನುಗಳು ನಿಂತವು. ನಂದಾ ಒದ್ದೆ ಬಟ್ಟೆಯನ್ನು ತಲೆಗೆ ಸುತ್ತಿ ಹೊರಟಳು.

'ಬಿಸಲು ಇಳೀಲಿ ತಾಯಿ, ನಾಕಕ್ಕ ಹೋಗು' ಎಂದು ಶಂಕರಲಿಂಗ ಬಾಗಿಲಿಗೆ ಅಡ್ಡ ನಿಂತ.

'ನಾಕರ ತನಕ ಕೂಸುಗಳು ಉಳಿಯಬೇಕಲ್ಲ. ಬಾಜೂಕ ಸರಿ ಯಪ್ಪಾ.' ನಕ್ಕು ಅವನ ಭುಜ ಸರಿಸಿದಳು. 'ಈ ವಾರ ಎಂಜಿನ್ ಬರತದ ಅಂದಿ. ಬಂದ್ರ ಮೊದಲನೇ ಸವಾರಿ ನಂದೇ ಆಗಲಿ ತಗೋ.'

ಅವನು ಆಗಲೂ ಹೇಳಲಿಲ್ಲ. ಹೇಳಿದ್ದರೂ ಅವಳು ಹೋಗುತ್ತಿದ್ದಳೋ ಏನೋ. ಆ 'ಏನೋ' ಒಂದೇ ಅವನ ಪಾಲಿಗೆ ಉಳಿಯಿತು.

ತಂತಿ ಜೋಡಿಸಿದಳು, ಫ್ಯಾನುಗಳು ತಿರುಗಿದವು, ಕೆಳಗೆ ನಿಂತ ಮಂದಿ ಚಪ್ಪಾಳೆ ತಟ್ಟಿದರು. ಇಳಿಯುವಾಗ ಅರ್ಧ ಕಂಬದಲ್ಲಿ ಅವಳ ಕೈ ಸಡಿಲಾಯಿತು.

ಆಂಬ್ಯುಲೆನ್ಸಿನೊಳಗೆ ಮಂಜುಗಡ್ಡೆಯ ಚೀಲಗಳ ನಡುವೆ ಅವಳನ್ನು ಮಲಗಿಸಿದರು. ಪಕ್ಕದಲ್ಲಿ ನರ್ಸು, ತಲೆಯ ಹತ್ತಿರ ಶಂಕರಲಿಂಗ. ಮೈ ಮುಟ್ಟಿದರೆ ಹೆಂಚು ಮುಟ್ಟಿದ ಹಾಗಿತ್ತು. ಅದು ಬ್ಯಾಟರಿ ಗಾಡಿ; ಗಾಲಿಗೆ ಡಾಂಬರು ಮೆತ್ತಿ ಬಿಡಿಸಿಕೊಳ್ಳುವ ಪಚಪಚ ಬಿಟ್ಟರೆ ಸದ್ದೇ ಇಲ್ಲ. ಮುಕ್ಕಾಲು ಗಂಟೆಯಾದಾಗ ನಂದಾ ಕಣ್ಣು ಅರೆ ತೆರೆದಳು.

'ಯಪ್ಪಾ, ಬಂತೇನು ಮಿರಜಿಂದ?'

'ಬಂತವ್ವಾ.'

'ವಿಮಾನದಾಗ ಹೊಂಟೀವೇನು?'

'ಹೂಂ ನನ ಕಂದ. ಮ್ಯಾಲ ಹೊಂಟೀವಿ. ಈಗ ಕಲಬುರ್ಗಿ ಬಂತು ನೋಡು.'

ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟಳು. ಹುಬ್ಬು ಗಂಟಾಯಿತು. 'ಮತ್ತ ಚಾಲೂ ಯಾಕ ಮಾಡಿಲ್ಲ? ಸದ್ದೇ ಇಲ್ಲ.'

ಶಂಕರಲಿಂಗ ಬಾಗಿ ಮಗಳ ಕಿವಿಗೆ ಬಾಯಿಟ್ಟ. ಮೂರು ಸಲ ಕೆಮ್ಮಿದ. ಆಮೇಲೆ ಗಂಟಲಿನಿಂದ ಗೊರ್ರೆಂದು ಹಿಡಿದ, ಶುಕ್ರವಾರ ಬೆಳಗ್ಗೆ ಷೆಡ್ಡಿನಲ್ಲಿ ಹಿಡಿಯುತ್ತಿತ್ತಲ್ಲ, ಅದೇ ಹಾಗೆ. ಅವಳ ಹುಬ್ಬು ಸಡಿಲಾಯಿತು. ತನಗೆ ಉಸಿರು ಕಟ್ಟಿದಾಗ ಒಂದು ಕ್ಷಣ ನಿಲ್ಲಿಸಿ ಮತ್ತೆ ಹಿಡಿಯುತ್ತಿದ್ದ. ಕಣ್ಣೀರು, ಬೆವರು, ಜೊಲ್ಲು ಎಲ್ಲ ಸೇರಿ ಅವಳ ಕೆನ್ನೆಯ ಮೇಲೆ ಬೀಳುತ್ತಿತ್ತು. ಎಷ್ಟು ಹೊತ್ತು ಹಾಗೆ ಸದ್ದು ಮಾಡಿದನೋ ಅವನಿಗೇ ಗೊತ್ತಿಲ್ಲ.

ನರ್ಸು ಹೆಗಲ ಮೇಲೆ ಕೈಯಿಟ್ಟಳು. 'ಕಾಕಾ, ಸಾಕ್ರಿ. ಬಂದ್ ಮಾಡ್ರಿ.'

ಅವನು ಬಂದ್ ಮಾಡಲಿಲ್ಲ. ಕಲಬುರ್ಗಿ ಇನ್ನೂ ಎರಡು ಗಂಟೆಯ ದಾರಿಯಿತ್ತು.